ಸಿಮ್ಯುಲೇಟರ್‌ನಲ್ಲಿ ಬ್ಲ್ಯಾಕ್‌ಬರ್ಡ್: ಮ್ಯಾಕ್ 3ರ ಬೇಹು ಹಾರಾಟಕ್ಕೆ ಒಂದು ಕೈಪಿಡಿ

ಫ್ಲೈಟ್ ಸಿಮ್ಯುಲೇಟರ್ ಹಚ್ಚಿಕೊಂಡವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಬೇಹುಗಾರಿಕೆ ವಿಮಾನವನ್ನು ಡೌನ್‌ಲೋಡ್ ಮಾಡುತ್ತಾರೆ. ಎಂಜಿನ್ ಚಾಲೂ ಮಾಡಿ, ಥ್ರಾಟಲ್ ಪೂರ್ತಿ ಮುಂದಕ್ಕೆ ತಳ್ಳಿ, ನೆಲ ಬಿಟ್ಟ ಕೂಡಲೇ ಮೂಗೆತ್ತಿ ಆಕಾಶಕ್ಕೆ ನುಗ್ಗುತ್ತಾರೆ. ನಲವತ್ತು ಸಾವಿರ ಅಡಿ ದಾಟುವಷ್ಟರಲ್ಲಿ ವೇಗ ಕುಸಿಯುತ್ತದೆ, ಇಂಧನ ಅರ್ಧಕ್ಕೆ ಬಂದಿರುತ್ತದೆ, ಮ್ಯಾಕ್ 3, ಅಂದರೆ ಶಬ್ದದ ವೇಗದ ಮೂರು ಪಟ್ಟು, ಕನಸಾಗಿಯೇ ಉಳಿಯುತ್ತದೆ. ‘ಈ ಮಾದರಿ ಸರಿಯಿಲ್ಲ’ ಎಂದು ಅಳಿಸಿಹಾಕುತ್ತಾರೆ. ಮಾದರಿಯಲ್ಲಿ ದೋಷ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಬಹಳ ಸಲ ದೋಷ ಇರುವುದು ಹಾರಿಸುವ ಕ್ರಮದಲ್ಲಿ. ಯುದ್ಧವಿಮಾನವನ್ನು ಕೈಚಳಕದಿಂದ ಹಾರಿಸಬಹುದು. ಬೇಹು ವಿಮಾನವನ್ನು ಲೆಕ್ಕದಿಂದಲೇ ಹಾರಿಸಬೇಕು. ಆ ಲೆಕ್ಕ ಕೈಗೆ ಹತ್ತಿದರೆ ಸಿಮ್ಯುಲೇಟರ್‌ನಲ್ಲಿ ಇದಕ್ಕಿಂತ ತೃಪ್ತಿ ಕೊಡುವ ಹಾರಾಟ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ವಿಮಾನದ ಪರಿಚಯ ಇರಲಿ. ಲಾಕ್‌ಹೀಡ್ ಸಂಸ್ಥೆಯ ‘ಸ್ಕಂಕ್ ವರ್ಕ್ಸ್’ ವಿಭಾಗದಲ್ಲಿ ಕೆಲ್ಲಿ ಜಾನ್ಸನ್ ನೇತೃತ್ವದಲ್ಲಿ ರೂಪುಗೊಂಡ ಎಸ್‌ಆರ್-71 ಮೊದಲು ಹಾರಿದ್ದು 1964ರ ಡಿಸೆಂಬರ್ 22ರಂದು. ತಯಾರಾದದ್ದು 32 ವಿಮಾನಗಳು. ಅವುಗಳಲ್ಲಿ 12 ಅಪಘಾತಗಳಲ್ಲಿ ನಾಶವಾದವು. ಶತ್ರುವಿನ ಗುಂಡಿಗಾಗಲಿ ಕ್ಷಿಪಣಿಗಾಗಲಿ ಒಂದೂ ಬೀಳಲಿಲ್ಲ. ಮುಂದಿನ ಆಸನದಲ್ಲಿ ಪೈಲಟ್, ಹಿಂದಿನ ಆಸನದಲ್ಲಿ ಕ್ಯಾಮೆರಾ, ಸಂವೇದಕ ಮತ್ತು ಮಾರ್ಗದ ಹೊಣೆ ಹೊತ್ತ ಅಧಿಕಾರಿ. 1976ರ ಜುಲೈ 28ರಂದು ಗಂಟೆಗೆ 3,529 ಕಿ.ಮೀ. ವೇಗದ ದಾಖಲೆ ಬರೆಯಿತು. ಮೈಯ ಬಹುಪಾಲು ಟೈಟಾನಿಯಂ, ಏಕೆಂದರೆ ಆ ವೇಗದಲ್ಲಿ ಗಾಳಿಯ ತಿಕ್ಕಾಟಕ್ಕೆ ಅಲ್ಯೂಮಿನಿಯಂ ಮೆತ್ತಗಾಗಿಬಿಡುತ್ತದೆ.

ಯಾವ ಸಿಮ್ಯುಲೇಟರ್, ಯಾವ ಮಾದರಿ

ದುಡ್ಡು ಹಾಕದೆ ಶುರು ಮಾಡಬೇಕೆಂದರೆ ಫ್ಲೈಟ್‌ಗಿಯರ್ ಇದೆ. ಸಿಮ್ಯುಲೇಟರ್ ಉಚಿತ, ಅದರ ಸಂಗ್ರಹದಲ್ಲಿರುವ ವಿಮಾನಗಳೂ ಉಚಿತ, ಲಾಂಚರ್‌ನ ವಿಮಾನಗಳ ಪುಟದಿಂದಲೇ ಇಳಿಸಿಕೊಳ್ಳಬಹುದು. ಗಾಳಿ ರೆಕ್ಕೆಯ ಮೇಲೆ ಹೇಗೆ ವರ್ತಿಸುತ್ತದೆ ಎಂಬುದರ ಲೆಕ್ಕವನ್ನೇ ನೆಚ್ಚಿಕೊಂಡವರು ಎಕ್ಸ್-ಪ್ಲೇನ್ ಕಡೆ ಹೋಗುತ್ತಾರೆ. ಕೆಳಗಿನ ನೆಲ ನಿಜದ ಹಾಗೆ ಕಾಣಬೇಕು ಎನ್ನುವವರಿಗೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಬೇಹುಗಾರಿಕೆಯ ಹಾರಾಟದಲ್ಲಿ ಕೊನೆಗೂ ನೋಡುವುದು ನೆಲವನ್ನೇ ಆದ್ದರಿಂದ ಈ ಮೂರನೆಯದಕ್ಕೆ ತನ್ನದೇ ಆಕರ್ಷಣೆ ಇದೆ.

ಮಾದರಿ ಆರಿಸುವಾಗ ಚಿತ್ರಗಳಿಗೆ ಮರುಳಾಗಬೇಡಿ. ಕಪ್ಪು ಬಣ್ಣದ ಚೂಪು ವಿಮಾನ ಎಲ್ಲರ ಕೈಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಕಾಕ್‌ಪಿಟ್‌ನ ಚಿತ್ರ ತೆರೆದು, ಮ್ಯಾಕ್, ಎತ್ತರ ಮತ್ತು ವೇಗ ಮೂರನ್ನೂ ಅಂಕಿಗಳಲ್ಲಿ ಒಟ್ಟಿಗೆ ತೋರಿಸುವ ಸಣ್ಣ ಉಪಕರಣ ಇದೆಯೇ ಎಂದು ಹುಡುಕಿ. ಅದಕ್ಕೆ ಟಿಡಿಐ ಎನ್ನುತ್ತಾರೆ. ನಿಜವಾದ ಬ್ಲ್ಯಾಕ್‌ಬರ್ಡ್ ಪೈಲಟ್‌ಗಳ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದುದು ಅಲ್ಲಿಗೆ. ಅದನ್ನು ಶ್ರದ್ಧೆಯಿಂದ ಮಾಡಿದ ತಯಾರಕ ಉಳಿದದ್ದನ್ನೂ ಶ್ರದ್ಧೆಯಿಂದ ಮಾಡಿರುತ್ತಾನೆ. ಇನ್ನೊಂದು ಸುಳಿವು ಫ್ಲಾಪ್, ಅಂದರೆ ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಿಂದ ಇಳಿಯುವ ಪಟ್ಟಿ. ಬ್ಲ್ಯಾಕ್‌ಬರ್ಡ್‌ಗೆ ಫ್ಲಾಪ್ ಇಲ್ಲ. ಮಾದರಿಯಲ್ಲಿ ಫ್ಲಾಪ್ ಇಳಿದು ವಿಮಾನ ನಿಧಾನವಾಗುತ್ತಿದ್ದರೆ ಅದು ಬೇರೊಂದು ವಿಮಾನದ ಹಾರಾಟದ ಕಡತಕ್ಕೆ ಕಪ್ಪು ಹೊದಿಕೆ ಹೊದಿಸಿದ್ದು ಎಂದು ತಿಳಿಯಿರಿ.

ಮೈಕ್ರೋಸಾಫ್ಟ್‌ನ ಹಳೆಯ ಸಿಮ್ಯುಲೇಟರ್ ಎಫ್‌ಎಸ್‌ಎಕ್ಸ್ ಕಾಲದ ಮಾದರಿಗಳು ಇಂದಿಗೂ ಸಿಗುತ್ತವೆ. ಅವುಗಳನ್ನು ಹೊಸ ಸಿಮ್ಯುಲೇಟರ್‌ಗೆ ಎಳೆದು ತಂದರೆ ಅರ್ಧ ಉಪಕರಣಗಳು ಕೆಲಸ ಮಾಡುವುದಿಲ್ಲ. ನಿಮ್ಮ ಸಿಮ್ಯುಲೇಟರ್‌ನ ಆವೃತ್ತಿಗೇ ಮಾಡಿದ ಮಾದರಿಯನ್ನು ತೆಗೆದುಕೊಳ್ಳಿ. ಮೈಕ್ರೋಸಾಫ್ಟ್‌ನ 2020ರ ಆವೃತ್ತಿಗೆ ಮಾಡಿದ ವಿಮಾನ 2024ರಲ್ಲಿ ನಡೆಯುವುದೂ ಉಂಟು, ಕೈಕೊಡುವುದೂ ಉಂಟು. ಹಣ ಕೊಡುವ ಮೊದಲು ತಯಾರಕರ ಟಿಪ್ಪಣಿ ಓದಿಕೊಳ್ಳಿ.

ಜೋಡಿಸುವುದು

ಇಲ್ಲಿ ಹೆಚ್ಚು ಹೇಳುವುದಿಲ್ಲ. ಎಕ್ಸ್-ಪ್ಲೇನ್‌ನಲ್ಲಿ ಬಿಚ್ಚಿದ ಫೋಲ್ಡರ್ ‘ಏರ್‌ಕ್ರಾಫ್ಟ್’ ಫೋಲ್ಡರ್ ಒಳಗೆ ಹೋಗಬೇಕು, ಮೈಕ್ರೋಸಾಫ್ಟ್‌ನಲ್ಲಿ ‘ಕಮ್ಯುನಿಟಿ’ ಫೋಲ್ಡರ್ ಒಳಗೆ. ವಿಮಾನ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಪಾಲು ಕಾರಣ ಒಂದೇ: ಜಿಪ್ ಬಿಚ್ಚಿದಾಗ ಫೋಲ್ಡರ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಸೃಷ್ಟಿಯಾಗಿರುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ವಿಮಾನದ ಫೋಲ್ಡರ್ ತೆರೆದ ಕೂಡಲೇ ಮ್ಯಾನಿಫೆಸ್ಟ್ ಮತ್ತು ಲೇಔಟ್ ಎಂಬ ಎರಡು ಕಡತಗಳು ಎದುರಿಗೇ ಕಾಣಬೇಕು. ಕಾಣದಿದ್ದರೆ ಒಳಗಿನ ಫೋಲ್ಡರನ್ನು ಹೊರಗೆ ತನ್ನಿ. ಹೊಸ ವಿಮಾನ ಹಾಕುವಾಗ ಬೇರೆ ಯಾವುದನ್ನೂ ಜೊತೆಗೆ ಹಾಕಬೇಡಿ. ತೊಂದರೆಯಾದರೆ ಯಾವುದರಿಂದ ಎಂದು ತಿಳಿಯಬೇಕಲ್ಲ. ಕದ್ದ ಪ್ರತಿ ಹಂಚುವ ತಾಣಗಳ ಕಡೆ ತಲೆಹಾಕಲೇಬೇಡಿ. ಈ ಕೆಲಸಕ್ಕೆ ವರ್ಷಗಟ್ಟಲೆ ಕೂತವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ, ನಿಮ್ಮ ಕಂಪ್ಯೂಟರ್‌ಗೆ ಏನು ಹೊಕ್ಕಿತು ಎಂಬುದೂ ತಿಳಿಯುವುದಿಲ್ಲ.

ಹಾರುವ ಮುಂಚೆ ಮೂರು ಹೊಂದಾಣಿಕೆ

ಮೊದಲನೆಯದು ಜಾಯ್‌ಸ್ಟಿಕ್. ಮ್ಯಾಕ್ 3ರಲ್ಲಿ ವಿಮಾನ ಸೆಕೆಂಡಿಗೆ ಸುಮಾರು 885 ಮೀಟರ್ ಕ್ರಮಿಸುತ್ತದೆ. ಹಾರಾಟದ ದಿಕ್ಕು ಬರೀ ಒಂದು ಡಿಗ್ರಿ ಮೇಲಾದರೆ ನಿಮಿಷಕ್ಕೆ 3,000 ಅಡಿ ಏರುತ್ತೀರಿ. ಆದ್ದರಿಂದ ಮೂಗು ಏರಿಸಿ ಇಳಿಸುವ ಅಕ್ಷದ ಸಂವೇದನೆಯನ್ನು ಧಾರಾಳವಾಗಿ ತಗ್ಗಿಸಿ, ನಡುವಿನ ಭಾಗದಲ್ಲಿ ವಿಮಾನ ಮಂದವಾಗಿ ಉತ್ತರಿಸುವಂತೆ ವಕ್ರರೇಖೆಯನ್ನು ಹೊಂದಿಸಿ.

ಎರಡನೆಯದು ನೆಲದ ದೃಶ್ಯ. ಈ ವೇಗದಲ್ಲಿ ನಿಮಿಷಕ್ಕೆ 53 ಕಿ.ಮೀ. ನೆಲ ಕೆಳಗೆ ಸರಿಯುತ್ತದೆ. ಎಕ್ಸ್-ಪ್ಲೇನ್ ಒಂದೊಂದು ಡಿಗ್ರಿಯ ಚೌಕಗಳಾಗಿ ನೆಲವನ್ನು ತುಂಬಿಕೊಳ್ಳುತ್ತದೆ. ಉತ್ತರ–ದಕ್ಷಿಣವಾಗಿ ಹೋದರೆ ಎರಡು ನಿಮಿಷಕ್ಕೊಂದು ಹೊಸ ಚೌಕ ಬೇಕು. ಮೈಕ್ರೋಸಾಫ್ಟ್‌ನಲ್ಲಾದರೆ ಅಷ್ಟೂ ಇಂಟರ್‌ನೆಟ್ ಮೂಲಕ ಬರಬೇಕು. ಕಟ್ಟಡ, ಮರ, ವಾಹನಗಳ ಸಾಂದ್ರತೆಯನ್ನು ತಳಮಟ್ಟಕ್ಕೆ ಇಳಿಸಿ. 75,000 ಅಡಿಯಿಂದ ಅವು ಹೇಗೂ ಕಾಣುವುದಿಲ್ಲ. ಅಲ್ಲಿಂದ ಚೆಂದ ಕಾಣುವುದು ನೆಲದ ಬಣ್ಣ, ಬೆಟ್ಟಸಾಲು, ಕರಾವಳಿಯ ಅಂಚು.

ಮೂರನೆಯದು ಹವಾಮಾನ. ನಿಜ ಹವಾಮಾನ ಬೇಡ. ಮೊದಲ ಹಾರಾಟಗಳಿಗೆ ನಿರ್ಮಲ ಆಕಾಶ, ಪ್ರಮಾಣಿತ ತಾಪಮಾನ ಇಟ್ಟುಕೊಳ್ಳಿ. ಮೇಲಿನ ಗಾಳಿ ಕೆಲವೇ ಡಿಗ್ರಿ ಬೆಚ್ಚಗಿದ್ದರೂ ವೇಗ ಹೆಚ್ಚಿಸಿಕೊಳ್ಳಲು ಬ್ಲ್ಯಾಕ್‌ಬರ್ಡ್ ತಿಣುಕುತ್ತಿತ್ತು, ಒಳ್ಳೆಯ ಮಾದರಿಯೂ ತಿಣುಕುತ್ತದೆ.

ಇಂಧನ ಮತ್ತು ಮಾರ್ಗ

ಕ್ಯಾಲಿಫೋರ್ನಿಯಾದ ಬೀಲ್ ವಾಯುನೆಲೆಯಿಂದಲೇ ಹೊರಡೋಣ; ಬ್ಲ್ಯಾಕ್‌ಬರ್ಡ್‌ಗಳ ತವರು ಅದೇ. ವಿಮಾನ ನಿಲ್ದಾಣದ ಸಂಕೇತ ಕೆಎಬಿಬಿ ಅಲ್ಲ, ಕೆಬಿಎಬಿ, ಹುಡುಕುವಾಗ ಗಮನಿಸಿ. 12,000 ಅಡಿಯ ಉದ್ದನೆಯ ರನ್‌ವೇ ಇದೆ.

ಟ್ಯಾಂಕ್‌ಗಳು ಒಟ್ಟು 80,000 ಪೌಂಡ್‌ನಷ್ಟು ಇಂಧನ ಹಿಡಿಯುತ್ತವೆ. ಪೂರ್ತಿ ತುಂಬಿಸಬೇಡಿ. ನಿಜ ಜೀವನದಲ್ಲೂ ಸಾಮಾನ್ಯವಾಗಿ ಕಡಿಮೆ ತುಂಬಿಸಿಕೊಂಡು ಹಾರಿ, ಆಕಾಶದಲ್ಲಿ ಕೆಸಿ-135ಕ್ಯೂ ಟ್ಯಾಂಕರ್‌ನಿಂದ ಉಳಿದದ್ದನ್ನು ಪಡೆಯುತ್ತಿದ್ದರು. ಟೈರ್, ಬ್ರೇಕ್‌ಗಳ ಮೇಲಿನ ಹೊರೆ ತಗ್ಗುತ್ತದೆ, ಏರುವಾಗ ಒಂದು ಎಂಜಿನ್ ಕೈಕೊಟ್ಟರೂ ಬಚಾವಾಗುವ ಸಾಧ್ಯತೆ ಹೆಚ್ಚುತ್ತದೆ. ನಮ್ಮ ಹಾರಾಟ ಸುಮಾರು ಒಂದು ಗಂಟೆಯದು. 60,000 ಪೌಂಡ್ ಸಾಕು. ಮ್ಯಾಕ್ 3ರಲ್ಲಿ ಗಂಟೆಗೆ 40,000 ಪೌಂಡ್ ಆಸುಪಾಸು ಖರ್ಚಾಗುತ್ತದೆ ಎಂಬುದು ನೆನಪಿರಲಿ.

ಗುರಿ: ಯೂಟಾದ ಗ್ರೇಟ್ ಸಾಲ್ಟ್ ಲೇಕ್. ಈ ಉಪ್ಪು ಸರೋವರವನ್ನು ಒಂದು ರೈಲು ಹಳಿಯ ಏರಿ ಅಡ್ಡವಾಗಿ ಸೀಳಿದೆ. ಏರಿಯ ಉತ್ತರಕ್ಕೆ ಉಪ್ಪು ಹೆಚ್ಚಾಗಿ ನೀರು ಕೆಂಪಡರಿದೆ, ದಕ್ಷಿಣಕ್ಕೆ ನೀಲಿ-ಹಸಿರು. ಎರಡು ಬಣ್ಣಗಳ ನಡುವೆ ಗೀಟು ಎಳೆದಂತೆ ಆ ಏರಿ. ಎಷ್ಟು ಎತ್ತರದಿಂದಲೂ ಗುರುತು ಸಿಗುವ ಇಂಥ ಗುರಿ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಬೀಲ್‌ನಿಂದ ಅಲ್ಲಿಗೆ ಸುಮಾರು 780 ಕಿ.ಮೀ.

ಈಗ ತಿರುವು. ಮಾರ್ಗ ಹಾಕುವವರು ಎಡವುವುದು ಇಲ್ಲಿಯೇ. 30 ಡಿಗ್ರಿ ವಾಲಿಸಿ ತಿರುಗಿಸಿದರೆ ಮ್ಯಾಕ್ 3ರಲ್ಲಿ ತಿರುವಿನ ತ್ರಿಜ್ಯ ಸುಮಾರು 138 ಕಿ.ಮೀ., ವ್ಯಾಸ 276 ಕಿ.ಮೀ. ಬೆಂಗಳೂರಿನ ನೆತ್ತಿಯ ಮೇಲೆ ಉತ್ತರಾಭಿಮುಖವಾಗಿ ಹೋಗುತ್ತಾ ಬಲಕ್ಕೆ ತಿರುಗಲು ಶುರು ಮಾಡಿದರೆ, ದಕ್ಷಿಣಕ್ಕೆ ಮುಖ ಮಾಡುವ ಹೊತ್ತಿಗೆ ಚೆನ್ನೈ ಹತ್ತಿರ ಇರುತ್ತೀರಿ. ಅರ್ಧ ವೃತ್ತಕ್ಕೇ ಎಂಟು ನಿಮಿಷ. ಹೋದ ದಾರಿಯಲ್ಲೇ ಹಿಂದಿರುಗುವ ಮಾತೇ ಇಲ್ಲ. ಸರೋವರ ದಾಟಿದ ಮೇಲೆ ಬಲಕ್ಕೆ ದೊಡ್ಡ ತಿರುವು, ಅದು ಮುಗಿದು ಮೂಗು ಬೀಲ್ ಕಡೆಗೆ ಬಂದಾಗ ಯೂಟಾದ ನಡುಭಾಗ, ಅಲ್ಲಿಂದ ನೆವಾಡಾ ಮೇಲೆ ನೇರ ಮನೆಗೆ. ಇದನ್ನು ನಕ್ಷೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳಿ. ಸಿಮ್ಯುಲೇಟರ್‌ನ ಮಾರ್ಗ ಯೋಜಕ ಬಿಂದುಗಳ ನಡುವೆ ಬರೀ ನೇರ ಗೆರೆ ಎಳೆಯುತ್ತದೆ; ಅದನ್ನು ನಂಬಿ ಆಟೋಪೈಲಟ್‌ಗೆ ಕೊಟ್ಟರೆ ವಿಮಾನ ಗೆರೆಯನ್ನು ಹಿಡಿಯಲು ಆ ಕಡೆ ಈ ಕಡೆ ಹೊರಳಾಡುತ್ತದೆ.

ಏರುವುದು: ಎಲ್ಲದರ ಗುಟ್ಟು ಇಲ್ಲಿದೆ

ಎಂಜಿನ್ ಚಾಲೂ ಆಗುವಾಗ ಒಳ್ಳೆಯ ಮಾದರಿಯಲ್ಲಿ ಹಿಂಬದಿಯಿಂದ ಹಸಿರು ಮಿಂಚೊಂದು ಹೊಳೆಯುತ್ತದೆ. ಜೆಪಿ-7 ಇಂಧನ ಸುಲಭಕ್ಕೆ ಹೊತ್ತಿಕೊಳ್ಳದ್ದು. ಗಾಳಿ ತಾಗಿದ ಕೂಡಲೇ ಉರಿಯುವ ಟಿಇಬಿ ಎಂಬ ರಾಸಾಯನಿಕ ಚಿಮ್ಮಿಸಿ ಅದನ್ನು ಹೊತ್ತಿಸಬೇಕು. ಪ್ರತಿ ಎಂಜಿನ್‌ಗೆ 16 ಚಿಮ್ಮುಗಳಷ್ಟೇ ದಾಸ್ತಾನು. ಪ್ರತಿ ಸಲ ಆಫ್ಟರ್‌ಬರ್ನರ್ (ಎಂಜಿನ್‌ನ ಹಿಂಬದಿಯಲ್ಲಿ ಹೆಚ್ಚುವರಿ ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ವ್ಯವಸ್ಥೆ) ಹೊತ್ತಿಸುವಾಗಲೂ ಒಂದು ಖರ್ಚು. ಇದನ್ನೂ ಎಣಿಸುವ ಮಾದರಿ ನಿಮ್ಮದಾಗಿದ್ದರೆ ಥ್ರಾಟಲ್ ಜೊತೆ ಆಟವಾಡಬೇಡಿ.

ಪೂರ್ತಿ ಆಫ್ಟರ್‌ಬರ್ನರ್ ಕೊಟ್ಟು, 180 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಬಂದಾಗ ಮೂಗನ್ನು ಮೆಲ್ಲಗೆ ಎತ್ತಿ. 210 ನಾಟ್ ಹೊತ್ತಿಗೆ ಚಕ್ರ ನೆಲ ಬಿಡುತ್ತದೆ. ಚಕ್ರಗಳನ್ನು ತಕ್ಷಣ ಒಳಗೆಳೆದುಕೊಳ್ಳಿ. 400 ನಾಟ್‌ನಲ್ಲಿ ಏರುತ್ತಾ, ಮ್ಯಾಕ್ 0.9 ತಲುಪಿದ ಮೇಲೆ ಅದನ್ನೇ ಹಿಡಿದು 33,000 ಅಡಿಗೆ ಹೋಗಿ.

ಇಲ್ಲಿಂದ ಮುಂದೆ ಥ್ರಾಟಲ್ ತಳ್ಳಿದರೆ ಸಾಕು ಎಂದುಕೊಳ್ಳುವುದೇ ಸೋಲಿಗೆ ದಾರಿ. ಶಬ್ದದ ವೇಗದ ಹತ್ತಿರ ಗಾಳಿಯ ಪ್ರತಿರೋಧ ಬೆಟ್ಟದಂತೆ ಏರುತ್ತದೆ. ಸಮತಟ್ಟಾಗಿ ಹಾರಿ ಅದನ್ನು ದಾಟಲು ಹೋದರೆ ಇಂಧನ ಸುರಿದುಹೋಗುತ್ತದೆ. ಬ್ಲ್ಯಾಕ್‌ಬರ್ಡ್ ಪೈಲಟ್‌ಗಳು ಮಾಡುತ್ತಿದ್ದ ಉಪಾಯಕ್ಕೆ ‘ಡಿಪ್ಸಿ ಡೂಡಲ್’ ಎಂದು ಹೆಸರು. 33,000 ಅಡಿಯಲ್ಲಿ ಆಫ್ಟರ್‌ಬರ್ನರ್ ಪೂರ್ತಿ ಕೊಟ್ಟು ಮೂಗನ್ನು ಕೆಳಕ್ಕೆ ಬಾಗಿಸಿ, ನಿಮಿಷಕ್ಕೆ 2,500ರಿಂದ 3,000 ಅಡಿಯಂತೆ ಇಳಿಯಿರಿ. ಇಳಿಯುವ ಬಲವನ್ನು ಬಳಸಿಕೊಂಡು ವಿಮಾನ ಶಬ್ದದ ವೇಗವನ್ನು ಸರಾಗವಾಗಿ ದಾಟುತ್ತದೆ. 30,000 ಅಡಿಯ ಹತ್ತಿರ ಮ್ಯಾಕ್ 1.25 ಕಂಡಾಗ ಮೂಗನ್ನು ನಿಧಾನವಾಗಿ ಮೇಲೆ ತನ್ನಿ. ಈಗ ನಿಜವಾದ ಏರಿಕೆ ಶುರು.

ಈ ಏರಿಕೆಯ ಸೂತ್ರ ಒಂದೇ: 450 ನಾಟ್ ಸಮಾನ ವಾಯುವೇಗ, ಅಂದರೆ ಕೆಇಎಎಸ್. ಗಾಳಿ ತೆಳುವಾದಂತೆ ರೆಕ್ಕೆಯ ಮೇಲಿನ ಒತ್ತಡ ಬದಲಾಗದಂತೆ ಎತ್ತರವನ್ನೂ ವೇಗವನ್ನೂ ಒಟ್ಟೊಟ್ಟಿಗೆ ಹೆಚ್ಚಿಸುತ್ತಾ ಹೋಗುವುದು ಇದರ ಅರ್ಥ. ಟಿಡಿಐ ತೋರಿಸುವ ವೇಗ ಇದೇ. ಆದರೆ ಎಷ್ಟೋ ಮಾದರಿಗಳಲ್ಲಿ ಇರುವುದು ಸಾಮಾನ್ಯ ವೇಗಸೂಚಿ. ಗಾಳಿ ಒತ್ತಿಕೊಳ್ಳುವ ಪರಿಣಾಮದಿಂದ ಅದು ಹೆಚ್ಚು ತೋರಿಸುತ್ತದೆ. 75,000 ಅಡಿಯಲ್ಲಿ ಮ್ಯಾಕ್ 3ಕ್ಕೆ ಕೆಇಎಎಸ್ ಸುಮಾರು 370. ಸಾಮಾನ್ಯ ವೇಗಸೂಚಿ ಅದೇ ಹೊತ್ತಿಗೆ 460 ತೋರಿಸುತ್ತದೆ. ಕೈಪಿಡಿಯ ಅಂಕಿಯನ್ನು ಆ ಸೂಚಿಯಲ್ಲಿ ಹುಡುಕಿದರೆ ದಾರಿ ತಪ್ಪುವುದು ಖಂಡಿತ.

ಅದಕ್ಕಾಗಿ ಮ್ಯಾಕ್ ಮತ್ತು ಎತ್ತರದ ಜೋಡಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಪ್ರಮಾಣಿತ ವಾತಾವರಣದಲ್ಲಿ 450 ಕೆಇಎಎಸ್ ಎಂದರೆ 30,000 ಅಡಿಯಲ್ಲಿ ಮ್ಯಾಕ್ 1.25, 40,000ದಲ್ಲಿ 1.6, 50,000ದಲ್ಲಿ 2.0, 60,000ದಲ್ಲಿ 2.55. ಮ್ಯಾಕ್ 2.6 ಆದ ಮೇಲೆ ಸಮಾನ ವಾಯುವೇಗವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗಬೇಕು. 70,000 ಅಡಿಯ ಹೊತ್ತಿಗೆ ಮ್ಯಾಕ್ 3ರ ಹತ್ತಿರ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಈ ಮೆಟ್ಟಿಲಿಗಿಂತ ನಿಮ್ಮ ಮ್ಯಾಕ್ ಹಿಂದೆ ಬಿದ್ದಿದ್ದರೆ ಮೂಗು ಅರ್ಧ ಡಿಗ್ರಿ ಇಳಿಸಿ, ಮುಂದೆ ಹೋಗಿದ್ದರೆ ಅರ್ಧ ಡಿಗ್ರಿ ಏರಿಸಿ. ಥ್ರಾಟಲ್ ಮುಟ್ಟಬೇಡಿ. ಆಟೋಪೈಲಟ್‌ನಲ್ಲಿ ಎತ್ತರ ಹಿಡಿಯುವ ಗುಂಡಿಯ ಬದಲು ಮೂಗಿನ ಕೋನ ಹಿಡಿಯುವ ಗುಂಡಿ ಬಳಸಿ. ಎತ್ತರದ ಗುಂಡಿ ಈ ವೇಗದಲ್ಲಿ ವಿಮಾನವನ್ನು ಅಲೆಯಂತೆ ಮೇಲೆ ಕೆಳಗೆ ತೂಗುತ್ತದೆ.

ಮ್ಯಾಕ್ 1.6 ದಾಟುವಾಗ ಒಮ್ಮೆ ಹೊರನೋಟಕ್ಕೆ ಹೋಗಿ ಎಂಜಿನ್‌ಗಳ ಮುಂದಿನ ಚೂಪು ಶಂಕುಗಳನ್ನು ನೋಡಿ. ಅಲ್ಲಿಯವರೆಗೆ ಪೂರ್ತಿ ಮುಂದಿರುವ ಅವು ನಿಧಾನವಾಗಿ ಹಿಂದೆ ಸರಿಯತೊಡಗಬೇಕು, ಮ್ಯಾಕ್ 3.2ರ ಹೊತ್ತಿಗೆ 26 ಇಂಚು ಹಿಂದೆ ಹೋಗಿರುತ್ತವೆ. ಶಬ್ದಾತೀತ ವೇಗದ ಗಾಳಿಯನ್ನು ನಿಧಾನಿಸಿ, ಒತ್ತಿ, ಎಂಜಿನ್‌ಗೆ ಕೊಡುವ ಕೆಲಸ ಇವುಗಳದು. ಆ ವೇಗದಲ್ಲಿ ನೂಕುಬಲದ ಅರ್ಧಕ್ಕೂ ಹೆಚ್ಚು ಪಾಲು ಹುಟ್ಟುವುದು ಎಂಜಿನ್‌ಗೆ ಗಾಳಿ ಹೊಗುವ ಈ ಗಾಳಿಬಾಯಿಯಲ್ಲೇ. ಶಬ್ದಾತೀತ ಗಾಳಿ ಒತ್ತಿಕೊಂಡು ಹುಟ್ಟುವ ಆಘಾತ ತರಂಗ ಗಾಳಿಬಾಯಿಯ ಒಳಗಿನ ಜಾಗ ಬಿಟ್ಟು ಹೊರಗೆ ಚಿಮ್ಮಿದರೆ ಒಂದು ಬದಿಯ ನೂಕುಬಲ ಇದ್ದಕ್ಕಿದ್ದಂತೆ ಕುಸಿದು ಮೂಗು ಆ ಬದಿಗೆ ಹೊರಳುತ್ತದೆ. ಇದಕ್ಕೆ ‘ಅನ್‌ಸ್ಟಾರ್ಟ್’ ಎನ್ನುತ್ತಾರೆ. ಶ್ರದ್ಧೆಯ ಮಾದರಿಗಳು ಇದನ್ನೂ ತೋರಿಸುತ್ತವೆ. ನಿಮ್ಮದರಲ್ಲಿ ಶಂಕು ಅಲ್ಲಾಡುವುದೇ ಇಲ್ಲವಾದರೆ ಗಾಳಿಬಾಯಿಯ ಲೆಕ್ಕವೂ ಅದರಲ್ಲಿ ಇರಲಿಕ್ಕಿಲ್ಲ.

ಗುರಿಯ ಮೇಲೆ

ಸರೋವರಕ್ಕೆ 150 ಕಿ.ಮೀ. ಇರುವಾಗಲೇ ರೆಕ್ಕೆಗಳು ಸಮವಾಗಿರಬೇಕು. ಅಂದರೆ ಗುರಿ ತಲುಪಲು ಮೂರು ನಿಮಿಷ. ವಾಲಿದ ವಿಮಾನದ ಕ್ಯಾಮೆರಾ ನೆಲದ ಬದಲು ದಿಗಂತದ ಚಿತ್ರ ತೆಗೆಯುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಕೆಲಸ ಮಾಡುವ ಕ್ಯಾಮೆರಾ ಇರುವುದಿಲ್ಲ. ಸಿಮ್ಯುಲೇಟರ್‌ನ ಹೊರ ಕ್ಯಾಮೆರಾವನ್ನು ವಿಮಾನದ ಹೊಟ್ಟೆಯಡಿ ನೇರ ಕೆಳಗೆ ನೋಡುವಂತೆ ಮೊದಲೇ ಕೂರಿಸಿ, ಒಂದು ಗುಂಡಿಗೆ ಜೋಡಿಸಿಟ್ಟುಕೊಳ್ಳಿ. ಏರಿ ಚೌಕಟ್ಟಿನ ನಡುವೆ ಬಂದಾಗ ಸ್ಕ್ರೀನ್‌ಶಾಟ್. ಕೆಂಪು ಮತ್ತು ನೀಲಿ ಎರಡೂ ಸಮಪಾಲು ಬಿದ್ದರೆ ಮಾರ್ಗ ಸರಿಯಾಗಿತ್ತು. ಏರಿ ಅಂಚಿಗೆ ಸರಿದಿದ್ದರೆ ಎಷ್ಟು ಕಿ.ಮೀ. ತಪ್ಪಿದ್ದೀರಿ ಎಂದು ಚಿತ್ರದಲ್ಲೇ ಅಳೆಯಬಹುದು. ತಿರುವು ಶುರುವಾಗಬೇಕಾದದ್ದು ಚಿತ್ರ ತೆಗೆದ ಮೇಲೆಯೇ.

ಇಳಿಯುವುದು

ಬೀಲ್‌ಗೆ ಇನ್ನೂ 450 ಕಿ.ಮೀ. ಇರುವಾಗ, ಅಂದರೆ ನೆವಾಡಾದ ನಡುವೆಯೇ, ಆಫ್ಟರ್‌ಬರ್ನರ್ ಆರಿಸಿ. ಥ್ರಾಟಲ್ ಒಮ್ಮೆಲೇ ಪೂರ್ತಿ ಹಿಂದೆ ಎಳೆಯಬೇಡಿ. ಅನ್‌ಸ್ಟಾರ್ಟ್ ಆಗುವುದು ಇಂಥ ಹೊತ್ತಿನಲ್ಲೇ. ವೇಗ ಇಳಿಯುವವರೆಗೆ ತಾಳ್ಮೆ ಬೇಕು. ಮ್ಯಾಕ್ 1ರ ಕೆಳಗೆ ಬಂದ ಮೇಲೆ ಇದು ಭಾರವಾದ ಸಾಧಾರಣ ಜೆಟ್.

ಅಂತಿಮ ಹಂತದಲ್ಲಿ 175 ನಾಟ್, ಇಂಧನ ಹೆಚ್ಚು ಉಳಿದಿದ್ದರೆ ಇನ್ನೂ ಕೊಂಚ ಜಾಸ್ತಿ. ಮೂಗು ಎತ್ತಿಕೊಂಡೇ ಬರುವುದರಿಂದ ರನ್‌ವೇ ಅರ್ಧ ಮರೆಯಾಗುತ್ತದೆ. ಆಸನದ ನೋಟವನ್ನು ಸ್ವಲ್ಪ ಮೇಲಕ್ಕೆ ಹೊಂದಿಸಿಕೊಳ್ಳಿ. ನೆಲದ ಹತ್ತಿರ ಬಂದಾಗ ಅಗಲವಾದ ತ್ರಿಕೋನ ರೆಕ್ಕೆಯ ಕೆಳಗೆ ಗಾಳಿ ದಿಂಬಿನಂತೆ ಒತ್ತಿಕೊಂಡು ವಿಮಾನ ತಾನಾಗಿಯೇ ಹಗುರಾಗುತ್ತದೆ. ಆಗ ಸ್ಟಿಕ್ ಜೋರಾಗಿ ಎಳೆದರೆ ಬಾಲ ನೆಲಕ್ಕೆ ತಾಗುತ್ತದೆ. 155 ನಾಟ್‌ನಲ್ಲಿ ಹಿಂದಿನ ಚಕ್ರ ತಾಗಿದ ಕೂಡಲೇ ಪ್ಯಾರಾಚೂಟ್ ಬಿಚ್ಚಿ. ಮೂಗಿನ ಚಕ್ರ ನೆಲ ಮುಟ್ಟಲಿ, ಆಮೇಲೆ ಬ್ರೇಕ್. ವೇಗ 60 ನಾಟ್‌ಗೆ ಇಳಿದಾಗ ಪ್ಯಾರಾಚೂಟ್ ಕಳಚಿ. ಆ ಗುಂಡಿ ಯಾವುದು ಎಂದು ಹೊರಡುವ ಮುಂಚೆಯೇ ನೋಡಿಟ್ಟುಕೊಂಡಿರಬೇಕು.

ಮುಂದಿನ ವಿಮಾನಗಳು

ಬ್ಲ್ಯಾಕ್‌ಬರ್ಡ್ ಪಳಗಿದ ಮೇಲೆ ಅಮೆರಿಕದ ಇನ್ನೊಂದು ಬೇಹು ವಿಮಾನ ಯು-2 ಹಾರಿಸಿ. ವೇಗದ ಗೊಡವೆಯೇ ಇಲ್ಲ, ಆದರೆ 70,000 ಅಡಿಯಲ್ಲಿ ಕನಿಷ್ಠ ವೇಗಕ್ಕೂ ಗರಿಷ್ಠ ವೇಗಕ್ಕೂ ನಡುವೆ ಕೆಲವೇ ನಾಟ್‌ಗಳ ಅಂತರ. ಸೈಕಲ್ಲಿನಂತೆ ಒಂದರ ಹಿಂದೊಂದು ಚಕ್ರವಿರುವ ಅದನ್ನು ಇಳಿಸುವುದು ಬೇರೆಯೇ ವಿದ್ಯೆ. ನಿಜ ಜೀವನದಲ್ಲಿ ರನ್‌ವೇ ಮೇಲೆ ಕಾರೊಂದು ಬೆನ್ನಟ್ಟಿ ಬಂದು ಪೈಲಟ್‌ಗೆ ಎತ್ತರ ಹೇಳುತ್ತಿರುತ್ತದೆ. ನಮ್ಮ ವಾಯುಪಡೆಯ ಇತಿಹಾಸದಲ್ಲಿ ಆಸಕ್ತಿ ಇರುವವರು ಮಿಗ್-25 ಬೇಹು ಮಾದರಿಯನ್ನು ಹುಡುಕಲಿ. ಬರೇಲಿಯಲ್ಲಿ 102ನೇ ಸ್ಕ್ವಾಡ್ರನ್ ಅದನ್ನು 1981ರಿಂದ 2006ರವರೆಗೆ ಹಾರಿಸಿತು. ಬ್ಲ್ಯಾಕ್‌ಬರ್ಡ್‌ನಷ್ಟು ಎತ್ತರ, ವೇಗಗಳಲ್ಲಿ ದೀರ್ಘಕಾಲ ಇರಲಾರದು, ಆದರೆ ಏರಿಕೆಯ ಲೆಕ್ಕ ಅದಕ್ಕೂ ಬೇಕು. 106ನೇ ಸ್ಕ್ವಾಡ್ರನ್ 2007ರವರೆಗೆ ಬಳಸಿದ ಕ್ಯಾನ್‌ಬೆರಾ ಇನ್ನೂ ಶಾಂತ ಸ್ವಭಾವದ್ದು, ಹೊಸಬರಿಗೆ ಒಳ್ಳೆಯದು.

ಪ್ರತಿ ಹಾರಾಟದ ನಂತರ ಮೂರು ಅಂಕಿ ಬರೆದಿಡಿ: ಮ್ಯಾಕ್ 3 ತಲುಪಿದಾಗ ಉಳಿದಿದ್ದ ಇಂಧನ, ಗುರಿಯಿಂದ ತಪ್ಪಿದ ದೂರ, ಚಕ್ರ ನೆಲ ಮುಟ್ಟಿದಾಗ ಉಳಿದ ಇಂಧನ. ಮೊದಲನೆಯದು ಹೆಚ್ಚುತ್ತಾ ಹೋದರೆ ಡಿಪ್ಸಿ ಡೂಡಲ್ ಕೈಗೆ ಹತ್ತಿದೆ. ಮೂರನೆಯದು 10,000 ಪೌಂಡ್‌ಗಿಂತ ಕಡಿಮೆಯಿದ್ದರೆ ಮುಂದಿನ ಸಲ ಮೊದಲು ನೋಡಬೇಕಾದದ್ದು ಏರಿಕೆಯನ್ನು. ಅದು ಸರಿಯಿದ್ದೂ ಸಾಲದೆ ಬಂದರೆ ಮಾತ್ರ ಟ್ಯಾಂಕ್‌ಗೆ ಹೆಚ್ಚು ತುಂಬಿಸಿ.